ಅಂಗಡಿ ತೆರೆದಿದೆ, ಆದ್ದರಿಂದ ವ್ಯಾಪಾರವಿಲ್ಲ

ಊರಿನ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೇಳಿದರೆ ಅಂಗಡಿಯವನು ‘ಇದೆ’ ಎನ್ನುತ್ತಾನೆ, ಇಲ್ಲವೇ ‘ಇಲ್ಲ, ಸೋಮವಾರ ಬರುತ್ತದೆ’ ಎನ್ನುತ್ತಾನೆ. ವಿಂಡೋಸಿನಂತೆ ಗಣಕವನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಡೆಸ್ಕ್‌ಟಾಪಿನಲ್ಲಿ ಬಣ್ಣಬಣ್ಣದ ಚಿತ್ರಗಳೊಂದಿಗೆ ಬಾಗಿಲು ತೆರೆದು ಕುಳಿತಿರುವ ಸಾಫ್ಟ್‌ವೇರ್ ಅಂಗಡಿಗಳು ಮಾತ್ರ ಈ ಎರಡೂ ಉತ್ತರಗಳ ಮುಜುಗರದಿಂದ ಪಾರಾಗುವ ಮೂರನೆಯ ದಾರಿಯೊಂದನ್ನು ಕಂಡುಕೊಂಡಿವೆ. ಒಳಗೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ. ಹೊರಗೆ ನಾವು ಚೀಲ ಹಿಡಿದು ನಿಂತೇ ಇರುತ್ತೇವೆ.

ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟ ಪಾಪ ನನ್ನದು. ಮೊಮ್ಮಗಳ ನಾಮಕರಣದ ಆಮಂತ್ರಣವನ್ನು ಕೈಬರಹದಂಥ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕೆಂಬುದು ಅವರ ಆಸೆಯಾಗಿತ್ತು. ಡೆಬಿಯನ್ ಎಂಬ ಲಿನಕ್ಸ್ ತಳಿಯ ಬಳಗದ ತಂತ್ರಾಂಶ ಉಗ್ರಾಣದಲ್ಲಿ ‘ಗುಬ್ಬಿ’ ಎಂಬ ಫಾಂಟಿನ ಪಕ್ಕದಲ್ಲೇ ‘ನವಿಲು’ ಎಂಬ ಕನ್ನಡ ಕೈಬರಹದ ಫಾಂಟು ಪುಕ್ಕಟೆಯಾಗಿ ಕುಳಿತಿದೆ ಎಂದು ನಾನೇ ಹೇಳಿದ್ದೆ. ಮೇಷ್ಟ್ರು ಅಂಗಡಿ ತೆರೆದು, ಹುಡುಕುವ ಜಾಗದಲ್ಲಿ ತಪ್ಪಿಲ್ಲದೆ ‘ಕನ್ನಡ’ ಎಂದು ಬರೆದರು. ಏನೂ ಸಿಗಲಿಲ್ಲ. ‘ಫಾಂಟ್’ ಎಂದು ಇಂಗ್ಲಿಷಿನಲ್ಲಿ ಬರೆದಾಗ ಫಾಂಟುಗಳನ್ನು ನೋಡುವ, ಹೋಲಿಸುವ, ವಿಂಗಡಿಸುವ ತಂತ್ರಾಂಶಗಳೆಲ್ಲ ಸಾಲುಗಟ್ಟಿ ನಿಂತವು. ಫಾಂಟು ಮಾತ್ರ ಬರಲಿಲ್ಲ. ಸೀರೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ, ಕಪಾಟು, ನಿಲುವುಗನ್ನಡಿಗಳನ್ನೆಲ್ಲ ತೋರಿಸಿ ಸೀರೆಯೊಂದನ್ನು ಮಾತ್ರ ಮುಚ್ಚಿಟ್ಟಂತಾಯಿತು.

ಇದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಮ್ಮ ತಾಲ್ಲೂಕು ಕಚೇರಿಯಲ್ಲಿ ಪಳಗಿದವರಿಗೆ ಹೊಸದಲ್ಲ. ಡೆಬಿಯನ್ 12ನೆಯ ಆವೃತ್ತಿಯ ಉಗ್ರಾಣದಲ್ಲಿ 60,000ಕ್ಕೂ ಹೆಚ್ಚು ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳು, ಇದ್ದರೂ, ಅಂಗಡಿಯ ಗಾಜಿನ ಕಪಾಟಿಗೆ ಬರಬೇಕಾದರೆ ಪ್ರತಿಯೊಂದೂ ಆ್ಯಪ್‌ಸ್ಟ್ರೀಮ್ ಎಂಬ ವಿವರಪತ್ರವನ್ನು, ಅಂದರೆ ಹೆಸರು, ವಿವರಣೆ, ಲಾಂಛನ ಇತ್ಯಾದಿಗಳನ್ನು, ಲಗತ್ತಿಸಿರಬೇಕು. ಲಗತ್ತು ಇಲ್ಲದ ಅರ್ಜಿ ಸ್ವೀಕೃತವಾಗುವುದಿಲ್ಲ. ಸರಕು ಒಳಗಿದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಹಿಂದೆ ಹೀಗಿರಲಿಲ್ಲ ಎಂದು ಹೇಳಲು ಹೊರಟರೆ ವಯಸ್ಸಾಯಿತೆಂಬ ಅಪವಾದ ಬರುತ್ತದೆ, ಆದರೂ ಹೇಳಬೇಕು. 2001ರ ಸುಮಾರಿಗೆ ಬ್ರೆಜಿಲ್ಲಿನ ಕೊನೆಕ್ಟಿವಾ ಸಂಸ್ಥೆಯಲ್ಲಿ ಹುಟ್ಟಿದ ಸಿನಾಪ್ಟಿಕ್ ಎಂಬ ಹಳೆಯ ಪ್ಯಾಕೇಜು ಅಂಗಡಿ ನೋಡಲು ಸಹಕಾರಿ ಸಂಘದ ದಾಸ್ತಾನು ಪುಸ್ತಕದಂತಿತ್ತು: ಎಡಗಡೆ ವಿಭಾಗ, ಬಲಗಡೆ ಸಾವಿರಾರು ಹೆಸರು, ಅವುಗಳಲ್ಲಿ ಬಹುಪಾಲು ‘ಲಿಬ್’ ಎಂದು ಆರಂಭವಾಗುವಂಥವು. ಬೇಕಾದುದಕ್ಕೆ ಗುರುತು ಹಾಕಿ, ಆಮೇಲೆ ‘ಅನ್ವಯಿಸು’ ಎಂದು ಬೇರೆಯಾಗಿ ಹೇಳಬೇಕಿತ್ತು. ಹೊಸಬರು ಗುರುತು ಹಾಕಿ, ಕೆಲಸ ಮುಗಿಯಿತೆಂದು ಕಾಫಿಗೆ ಎದ್ದು ಹೋಗುತ್ತಿದ್ದರು. ಆದರೆ ಇಂಥದ್ದು ಬರಬೇಕಾದರೆ ಇಂಥವು ಜೊತೆಗೆ ಬರುತ್ತವೆ, ಇಂಥವು ಮನೆ ಬಿಟ್ಟು ಹೋಗುತ್ತವೆ ಎಂದು ಅದು ಮುಖಕ್ಕೆ ಹೇಳುತ್ತಿತ್ತು. ಇಷ್ಟು ಪ್ರಾಮಾಣಿಕತೆ ಜನಸಾಮಾನ್ಯರಿಗೆ ಅಜೀರ್ಣವಾದೀತೆಂದು ಡೆಬಿಯನ್ ಬಳಗದ ಜನಪ್ರಿಯ ಲಿನಕ್ಸ್ ಆದ ಉಬುಂಟು ತನ್ನ 9.10ನೆಯ ಆವೃತ್ತಿಯಲ್ಲಿ, ಅಂದರೆ 2009ರಲ್ಲಿ, ‘ಸಾಫ್ಟ್‌ವೇರ್ ಸೆಂಟರ್’ ತೆರೆಯಿತು. 2011ರ ಆವೃತ್ತಿಯಲ್ಲಿ ಸಿನಾಪ್ಟಿಕ್‌ ಅನ್ನು ಮೂಲ ಪ್ರತಿಯಿಂದ ಕೈಬಿಟ್ಟಿತು. 2016ರಲ್ಲಿ ಸೆಂಟರಿನ ಜಾಗಕ್ಕೆ ಗ್ನೋಮ್ ಸಾಫ್ಟ್‌ವೇರ್ ಬಂತು, 2020ರಲ್ಲಿ ಅದರ ಜಾಗಕ್ಕೆ ಸ್ನ್ಯಾಪ್ ಸ್ಟೋರ್, 2023ರಲ್ಲಿ ಅದರ ಜಾಗಕ್ಕೆ ಆ್ಯಪ್ ಸೆಂಟರ್. ಸರ್ಕಾರ ಬದಲಾದಾಗಲೆಲ್ಲ ಯೋಜನೆಯ ಹೆಸರು ಬದಲಾಗಿ, ಫಲಾನುಭವಿ ಮಾತ್ರ ಅದೇ ಸಾಲಿನಲ್ಲಿ ನಿಂತಿರುವುದನ್ನು ಕಂಡವರಿಗೆ ಈ ವಂಶಾವಳಿಯನ್ನು ವಿವರಿಸಬೇಕಾಗಿಲ್ಲ.

ಹೆಸರು ಬದಲಾದರೂ ಸಂಪ್ರದಾಯ ಬಿಡಬಾರದಲ್ಲವೇ. 2016ರ ಏಪ್ರಿಲಿನಲ್ಲಿ ಉಬುಂಟು 16.04 ಬಿಡುಗಡೆಯಾದಾಗ, ಹೊರಗಿನಿಂದ ಇಳಿಸಿಕೊಂಡ ಡೆಬ್ ಕಡತವನ್ನು, ಅಂದರೆ ಡೆಬಿಯನ್ ಬಳಗದ ಪ್ಯಾಕೇಜನ್ನು, ಎರಡು ಸಲ ಕ್ಲಿಕ್ಕಿಸಿದರೆ ಹೊಸ ಅಂಗಡಿ ತೆರೆದುಕೊಳ್ಳುತ್ತಿತ್ತೇ ಹೊರತು ತಂತ್ರಾಂಶ ಸ್ಥಾಪನೆಯಾಗುತ್ತಿರಲಿಲ್ಲ. ಆಮೇಲೆ ಸರಿಪಡಿಸಿದರು. 2024ರ ಏಪ್ರಿಲಿನಲ್ಲಿ 24.04 ಬಿಡುಗಡೆಯಾದಾಗ ಇನ್ನೂ ಹೊಸದಾದ ಅಂಗಡಿಯೂ ಅದೇ ಡೆಬ್ ಕಡತದ ಮುಂದೆ ಅದೇ ರೀತಿ ಕೈಚೆಲ್ಲಿತು. ಆಮೇಲೆ ಅದನ್ನೂ ಸರಿಪಡಿಸಿದರು. ಶ್ರವಣಬೆಳಗೊಳದಲ್ಲಿ ಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಅಭಿಷೇಕ 8 ವರ್ಷಕ್ಕೊಮ್ಮೆ ಇರಬೇಕೆಂದು ಕಾಣುತ್ತದೆ.

ಅಂಗಡಿಯಲ್ಲಿ ಸರಕು ಕಂಡಿತು ಎನ್ನೋಣ. ಆಗ ಯಾರ ಸರಕು ಎಂಬ ಪ್ರಶ್ನೆ ಏಳುತ್ತದೆ. ಒಂದೇ ವಿಡಿಯೋ ಪ್ಲೇಯರ್ ಡೆಬ್ ರೂಪದಲ್ಲಿಯೂ, ತಮ್ಮದೇ ಗೋಡೆಯೊಳಗೆ ಬಾಳುವ ಹೊಸ ಬಗೆಯ ಕಟ್ಟುಗಳಾದ ಸ್ನ್ಯಾಪ್ ರೂಪದಲ್ಲಿಯೂ ಫ್ಲಾಟ್‌ಪ್ಯಾಕ್ ರೂಪದಲ್ಲಿಯೂ ಇರಬಹುದು. ಮದ್ದೂರಿನ ಹೆದ್ದಾರಿಯಲ್ಲಿ ಒಂದೇ ವಡೆಗೆ ಮೂವರು ‘ಅಸಲಿ’ ಮಾಲೀಕರಿದ್ದಂತೆ. ಈ ಆಯ್ಕೆಯನ್ನು ಹಲವು ಅಂಗಡಿಗಳು ಮೂಲೆಯ ಸಣ್ಣ ಪಟ್ಟಿಯೊಂದರಲ್ಲಿ ಮಡಚಿಟ್ಟಿರುತ್ತವೆ, ಏಕೆಂದರೆ ಬಳಕೆದಾರನಿಗೆ ಗೊಂದಲವಾಗಬಾರದು. ಹೀಗೆ ಗೊಂದಲವಿಲ್ಲದೆ ಒಂದನ್ನು ಸ್ಥಾಪಿಸಿಕೊಂಡ ಬಳಕೆದಾರನಿಗೆ, ತನ್ನ ಪೆನ್‌ಡ್ರೈವಿನ ಕಡತಗಳು ಆ ತಂತ್ರಾಂಶಕ್ಕೆ ಏಕೆ ಕಾಣುವುದಿಲ್ಲ ಎಂಬ ಗೊಂದಲ ಮಾತ್ರ ಉಳಿಯುತ್ತದೆ. ಉಬುಂಟು 18.04ರಲ್ಲಿ ಕ್ಯಾಲ್ಕುಲೇಟರನ್ನೇ ಸ್ನ್ಯಾಪ್ ಆಗಿ ಕೊಟ್ಟಿದ್ದರು. ಅದು ತೆರೆದುಕೊಳ್ಳುವಷ್ಟರಲ್ಲಿ ಬಾಯಿಲೆಕ್ಕದವರು ಉತ್ತರ ಹೇಳಿ ಮುಗಿಸಿರುತ್ತಿದ್ದರು.

ಬೀಗದ ಕಥೆಯನ್ನು ನಿಧಾನವಾಗಿಯೇ ಹೇಳಬೇಕು. ಡೆಬಿಯನ್ ಬಳಗದಲ್ಲಿ ಪ್ಯಾಕೇಜುಗಳ ಲೆಕ್ಕದ ಪುಸ್ತಕವನ್ನು ಒಂದು ಹೊತ್ತಿಗೆ ಒಬ್ಬರೇ ತಿದ್ದಬೇಕು, ಅದಕ್ಕಾಗಿ ಅದರ ಮೇಲೊಂದು ಬೀಗವಿರುತ್ತದೆ. ವ್ಯವಸ್ಥೆ ನ್ಯಾಯವಾದದ್ದೇ. ಆದರೆ ಗಣಕ ಚಾಲೂ ಆದೊಡನೆ ಹಿನ್ನೆಲೆಯಲ್ಲಿ ಸದ್ದಿಲ್ಲದೆ ನವೀಕರಣ ನಡೆಸುವವರು ಪುಸ್ತಕ ಎತ್ತಿಕೊಂಡು ಕೂರುತ್ತಾರೆ. ಕೆಲವೊಮ್ಮೆ ಅಂಗಡಿಯದೇ ಗುಮಾಸ್ತನಾದ ಪ್ಯಾಕೇಜ್‌ಕಿಟ್ ಅದನ್ನು ಬಗಲಲ್ಲಿ ಅವುಚಿಕೊಂಡಿರುತ್ತಾನೆ. ಹೊರಗೆ ಕಾಯುವ ಗಿರಾಕಿಗೆ ಈ ಯಾವುದನ್ನೂ ತಿಳಿಸಲಾಗುವುದಿಲ್ಲ. ಟರ್ಮಿನಲ್ಲಿಗೆ, ಅಂದರೆ ಆಜ್ಞೆಗಳನ್ನು ಟೈಪಿಸುವ ಕಪ್ಪು ಕಿಟಕಿಗೆ, ಹೋದವನಿಗೆ ಮಾತ್ರ ಬೀಗ ಯಾರ ಕೈಯಲ್ಲಿದೆ, ಆ ಪ್ರಕ್ರಿಯೆಯ ಸಂಖ್ಯೆಯೆಷ್ಟು ಎಂಬುದೆಲ್ಲ ಸಿಗುತ್ತದೆ. ಟರ್ಮಿನಲ್ಲಿನ ಭಯ ಹೋಗಲಾಡಿಸಲೆಂದೇ ಕಟ್ಟಿದ ಅಂಗಡಿಯ ಕೀಲಿಕೈ ಎಲ್ಲಿದೆ ಎಂದು ಟರ್ಮಿನಲ್ಲನ್ನೇ ಕೇಳಬೇಕಾಗಿ ಬಂದುದನ್ನು ವಿಡಂಬನೆ ಬರೆಯುವವರು ತಾವಾಗಿ ಕಲ್ಪಿಸಿಕೊಳ್ಳಲಾರರು.

ಸ್ನ್ಯಾಪ್ ಪಂಥದವರದು ಇನ್ನೊಂದು ಬಗೆಯ ಸೌಜನ್ಯ. ನವೀಕರಣ ಬಾಕಿಯಿದೆ, ದಯವಿಟ್ಟು ಬ್ರೌಸರನ್ನು ಮುಚ್ಚಿ, 13 ದಿನ ಉಳಿದಿದೆ ಎಂಬ ಸೂಚನೆ ಪರದೆಯ ನೆತ್ತಿಯ ಮೇಲೆ ಮೂಡುತ್ತದೆ. ಸಾವಾದ ಮನೆಯಲ್ಲಿ ಹದಿಮೂರನೆಯ ದಿನ ವೈಕುಂಠ ಸಮಾರಾಧನೆ ಮಾಡುವ ನಾಡಿನಲ್ಲಿ ಈ ಸಂಖ್ಯೆಯನ್ನು ಕಂಡು ಎದೆ ಝಲ್ಲೆನ್ನದವರಿಲ್ಲ. ಬ್ರೌಸರನ್ನು ಮುಚ್ಚಿದರೆ ಒಡನೆ ನವೀಕರಣವಾಗಬೇಕು ಎಂದುಕೊಳ್ಳುವುದು ಸಹಜ. ಮೊದಮೊದಲು ಹಾಗಾಗುತ್ತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಬರುವ ತಪಾಸಣೆಯ ಹೊತ್ತಿಗೆ ಬ್ರೌಸರು ಮುಚ್ಚಿದ್ದರೆ ಮಾತ್ರ ಕೆಲಸವಾಗುತ್ತಿತ್ತು. ಇದಕ್ಕಿಂತ ಸೊಗಸಾದುದು ಸ್ನ್ಯಾಪ್ ಸ್ಟೋರಿನ ಸ್ವಂತ ನವೀಕರಣ. ಅಂಗಡಿ ತೆರೆದಿರುವುದರಿಂದ ಅಂಗಡಿಯನ್ನು ನವೀಕರಿಸಲಾಗದು ಎಂದು ಅಂಗಡಿಯೇ ಹೇಳುತ್ತಿತ್ತು, ಮುಚ್ಚಿದರೂ ಹಿನ್ನೆಲೆಯಲ್ಲಿ ತೆರೆದೇ ಇರುತ್ತಿತ್ತು. ಪರಿಹಾರ? ಟರ್ಮಿನಲ್ಲಿಗೆ ಹೋಗಿ ಅಂಗಡಿಯನ್ನು ಕೊಲ್ಲುವುದು. ಆಜ್ಞೆಯ ಹೆಸರೇ ‘ಕಿಲ್’.

ಅಂಗಡಿ ಕೈಕೊಟ್ಟಾಗ ಜನ ಎಲ್ಲಿಗೆ ಹೋಗಿ ಬೀಳುತ್ತಾರೆ ಎಂಬುದನ್ನು 2021ರ ನವೆಂಬರಿನಲ್ಲಿ ಜಗತ್ತೇ ನೋಡಿತು. ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟಗಳ ಸ್ಟೀಮ್ ತಂತ್ರಾಂಶ ಹಾಕಿಕೊಳ್ಳಲು ಹೊರಟರು. ಅಂಗಡಿಯಿಂದ ಆಗಲಿಲ್ಲ. ಟರ್ಮಿನಲ್ಲಿಗೆ ಹೋದರು, ಅದು ಉದ್ದದ ಪಟ್ಟಿಯೊಂದನ್ನು ಕೊಟ್ಟು, ಅತ್ಯಗತ್ಯ ಪ್ಯಾಕೇಜುಗಳು ಹೋಗಲಿವೆ, ‘ಹೌದು, ನಾನು ಹೇಳಿದಂತೆ ಮಾಡು’ ಎಂಬ ಅರ್ಥದ ವಾಕ್ಯವನ್ನು ಟೈಪಿಸಿದರೆ ಮುಂದುವರಿಯುತ್ತೇನೆ ಎಂದಿತು. ಅವರು ಟೈಪಿಸಿದರು. ಡೆಸ್ಕ್‌ಟಾಪೇ ಹೋಯಿತು. ಎಚ್ಚರಿಕೆ ಓದಬೇಕಿತ್ತು ಎಂದು ಬುದ್ಧಿ ಹೇಳಿದವರಿಗೆ ಬರವಿರಲಿಲ್ಲ. ಆಟವಾಡಲು ಬಂದವನನ್ನು ಆ ಎಚ್ಚರಿಕೆಯ ಮುಂದೆ ತಂದು ನಿಲ್ಲಿಸಿದವರು ಯಾರು ಎಂದು ಕೇಳಿದವರು ಕಡಿಮೆ. ಒಂದು ಒಳ್ಳೆಯದಾಯಿತು: ಅಂಥ ಪ್ಯಾಕೇಜುಗಳನ್ನು ಹಾಗೆ ಒಂದು ಮಾತಿಗೆ ಕಿತ್ತುಹಾಕದಂತೆ, ಪ್ಯಾಕೇಜುಗಳನ್ನು ಹಾಕುವ ಮತ್ತು ತೆಗೆಯುವ ಆಜ್ಞೆಯಾದ ಆಪ್ಟ್‌ನ ನಡವಳಿಕೆಯನ್ನೇ ಆಮೇಲೆ ಬದಲಿಸಿದರು.

ಮೇಷ್ಟ್ರ ನವಿಲು ಏನಾಯಿತೆಂದರೆ, ಕೊನೆಗೆ ನಾನೂ ಅವರಿಗೆ ಕಪ್ಪು ಕಿಟಕಿಯನ್ನೇ ತೆರೆದುಕೊಟ್ಟೆ. ಗುಪ್ತಪದ ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದ್ದನ್ನು ನೋಡಿ ಕೀಲಿಮಣೆ ಕೆಟ್ಟಿತೆಂದು ಎರಡು ಸಲ ತಟ್ಟಿದರು. ಮೂರನೆಯ ಸಲಕ್ಕೆ ಫಾಂಟು ಬಂತು, ಆಮಂತ್ರಣ ಅಂದವಾಗಿ ಅಚ್ಚಾಯಿತು. ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂಬ ಆ ಆಜ್ಞೆಯನ್ನು ತಮ್ಮ ಡೈರಿಯ ಕೊನೆಯ ಪುಟದಲ್ಲಿ, ಹಾಲಿನವನ ಲೆಕ್ಕದ ಕೆಳಗೆ ಕನ್ನಡದಲ್ಲಿಯೇ ಬರೆದಿಟ್ಟುಕೊಂಡರು. ಮರುದಿನ ಕುತೂಹಲಕ್ಕೆಂದು ಅಂಗಡಿಯನ್ನು ತೆರೆದು, ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರಂತೆ. ಕ್ಯಾಲ್ಕುಲೇಟರ್ ಇತ್ತು, ಕ್ಯಾಲೆಂಡರ್ ಇತ್ತು, ಅವರು ಎಂದೂ ತೆರೆಯದ ಚದುರಂಗದಾಟವಿತ್ತು. ನವಿಲು ಇರಲಿಲ್ಲ. ಸಂಜೆ ಸಿಕ್ಕಾಗ ಆಮಂತ್ರಣ ಪತ್ರವನ್ನು ನನ್ನ ಕೈಗಿಟ್ಟು, “ನಿಮ್ಮ ನವಿಲು ಆಟಕ್ಕುಂಟು, ಲೆಕ್ಕಕ್ಕಿಲ್ಲ ಕಣ್ರೀ” ಎಂದರು.