ಮಾವನ ಫುಟ್‌ಬಾಲ್ ಆಡಿಟ್

ಮಗಳ ಕಾಲೇಜಿನ ಸೆಮಿಸ್ಟರ್ ಫೀ ಬಿಲ್ಲನ್ನು ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಬಿಟ್ಟಿದ್ದೇ ನನ್ನ ತಪ್ಪು. ನಮ್ಮ ಮಾವ ಶಿವಮೊಗ್ಗ ಕಡೆ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ ಮಾಡಿ ರಿಟೈರ್ ಆದವರು. ಆರು ತಿಂಗಳಿಗೆಂದು ಅಮೆರಿಕಕ್ಕೆ ನಮ್ಮ ಮನೆಗೆ ಬಂದಿದ್ದಾರೆ. ಇಲ್ಲಿ ಅವರಿಗೆ ಕೆಲಸವಿಲ್ಲ, ಕಾರಿಲ್ಲದೆ ಹೊರಗೆ ಹೋಗುವ ಹಾಗಿಲ್ಲ, ಪೇಪರ್ ಹಾಕುವ ಹುಡುಗ ಬರುವುದಿಲ್ಲ. ಅಂಥವರ ಕೈಗೆ ಒಂದು ಬಿಲ್ ಸಿಕ್ಕಿದರೆ ಬಿಡುತ್ತಾರಾ? ಕೆಂಪು ಪೆನ್ಸಿಲ್ ಎಲ್ಲಿಂದ ಹುಡುಕಿದರೋ, ನಾನು ಕಾಫಿ ತರುವಷ್ಟರಲ್ಲಿ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದು ಕೂತಿದ್ದರು.

"ಅಳಿಯಂದ್ರೇ, ಇದೇನು ಅಥ್ಲೆಟಿಕ್ಸ್ ಫೀ? ನಮ್ಮ ಹುಡುಗಿ ಓಡ್ತಾಳಾ?"

"ಇಲ್ಲ ಮಾವ. ಕ್ಲಾಸಿಗೆ ಲೇಟಾದರೂ ಓಡಲ್ಲ. ಅದು ಬಹುಪಾಲು ಫುಟ್‌ಬಾಲ್ ತಂಡಕ್ಕೆ ಹೋಗುತ್ತೆ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಆಟ."

"ಹೋಗಿ ಆಟ ನೋಡ್ತಾಳಾ?"

"ಇಲ್ಲ. ಮ್ಯಾಚ್ ಇದ್ದ ದಿನ ಕಾರ್ ತೆಗೀತಾಳೆ."

ಸುಳ್ಳಲ್ಲ. ಇಡೀ ವರ್ಷಕ್ಕೆ ದುಡ್ಡು ಕಟ್ಟಿ ತೆಗೆದುಕೊಂಡ ಪಾರ್ಕಿಂಗ್ ಅದು. ಶನಿವಾರ ಮ್ಯಾಚ್ ಇದ್ದರೆ ಶುಕ್ರವಾರ ಸಂಜೆಯೊಳಗೆ ಕಾರು ತೆಗೆಯಿರಿ, ಇಲ್ಲದಿದ್ದರೆ ನಾವೇ ಎಳೆದುಕೊಂಡು ಹೋಗುತ್ತೇವೆ, ಅದರ ಖರ್ಚೂ ನಿಮ್ಮದೇ ಅಂತ ಕಾಲೇಜಿನಿಂದ ಮೇಲ್ ಬರುತ್ತದೆ. ಮಾರನೇ ದಿನ ಅದೇ ಜಾಗದಲ್ಲಿ ದಾನಿಗಳು ಟ್ರಕ್ ನಿಲ್ಲಿಸಿ, ಹಿಂಬದಿಯ ಬಾಗಿಲು ಇಳಿಸಿ, ಒಲೆ ಹೂಡಿ, ಬೆಳಗ್ಗೆ ಒಂಬತ್ತಕ್ಕೇ ಬಿಯರ್ ಹಿಡಿದು ಮಾಂಸ ಸುಡುತ್ತಿರುತ್ತಾರೆ. ದಾನಿಗಳು ಅಂದೆನಲ್ಲ, ಅದು ನನ್ನ ಪದವಲ್ಲ, ಕಾಲೇಜಿನದೇ. ಒಳ್ಳೆಯ ಸೀಟು ಬೇಕಾದರೆ ಟಿಕೆಟ್ ದುಡ್ಡಿನ ಜೊತೆ ದೇಣಿಗೆಯನ್ನೂ ಕೊಡಬೇಕು. 2017ರವರೆಗೆ ಆ ದೇಣಿಗೆಯಲ್ಲಿ ನೂರಕ್ಕೆ 80 ಭಾಗವನ್ನು ದಾನಧರ್ಮ ಅಂತ ತೋರಿಸಿ ತೆರಿಗೆ ವಿನಾಯಿತಿ ಪಡೆಯುವ ಅವಕಾಶವೂ ಇತ್ತು. ಅನಾಥಾಲಯಕ್ಕೆ ಕೊಟ್ಟರೂ ಪುಣ್ಯ, ಮೈದಾನದ ನಟ್ಟನಡುವಿನ ಐವತ್ತು ಗಜದ ಗೆರೆಯ ಎದುರು ಕೂತರೂ ಪುಣ್ಯ.

"ಸರಿ, ಆದಾಯ ಆಯಿತು. ಖರ್ಚಿನ ಬಾಬ್ತು ಹೇಳಿ" ಅಂದರು ಮಾವ.

ನಾನು ಜಿಂಬೊ ಫಿಷರ್ ಕಥೆಯಿಂದ ಶುರು ಮಾಡಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ, ಸರ್ಕಾರಿ ಸಂಸ್ಥೆ. 2017ರ ಕೊನೆಯಲ್ಲಿ ಈತನನ್ನು ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಅಂತ ಮಾತಾಡಿ ಕೋಚ್ ಮಾಡಿಕೊಂಡರು. ಪೂರ್ತಿ ಗ್ಯಾರಂಟಿ. ಕಪ್ ಬರಲಿಲ್ಲ. ಆದರೂ 2021ರಲ್ಲಿ ಸಂಬಳ ಜಾಸ್ತಿ ಮಾಡಿ ಒಪ್ಪಂದವನ್ನು 2031ರವರೆಗೆ ಎಳೆದರು. ಆಮೇಲೂ ಕಪ್ ಬರಲಿಲ್ಲ. 2023ರ ನವೆಂಬರ್‌ನಲ್ಲಿ, ನಿಮ್ಮ ಸಹವಾಸ ಸಾಕು ಅಂತ ಮನೆಗೆ ಕಳಿಸಿದರು. ಕಳಿಸಿದ ಖರ್ಚು 7.5 ಕೋಟಿ ಡಾಲರಿಗೂ ಮೇಲೆ. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿ ದಾಟುತ್ತದೆ. ಅರವತ್ತು ದಿನದೊಳಗೆ ಸುಮಾರು 1.9 ಕೋಟಿ ಡಾಲರ್, ಆಮೇಲೆ 2031ರವರೆಗೆ ವರ್ಷ ವರ್ಷ 72 ಲಕ್ಷ ಡಾಲರ್. ಬೇರೆ ಕಡೆ ಕೆಲಸಕ್ಕೆ ಸೇರಿಕೊಂಡರೂ ಇದರಲ್ಲಿ ಒಂದು ಪೈಸೆ ಕಡಿತವಿಲ್ಲ.

ಮಾವ ಪೆನ್ಸಿಲ್ ಕೆಳಗಿಟ್ಟರು. ನಲವತ್ತು ವರ್ಷದ ಸರ್ವಿಸ್‌ನಲ್ಲಿ ಸುಳ್ಳು ವೋಚರ್ ನೋಡಿದ್ದಾರೆ, ಸತ್ತವರ ಹೆಸರಿನ ಬೆಳೆ ಸಾಲ ನೋಡಿದ್ದಾರೆ, ಗೋಡೌನಿನಲ್ಲಿ ಇಲ್ಲದ ಗೊಬ್ಬರದ ಚೀಲ ಎಣಿಸಿದ್ದಾರೆ. ಇದನ್ನು ನೋಡಿರಲಿಲ್ಲ.

"ಅಂದರೆ ಕೆಲಸ ಮಾಡಬೇಡ ಅನ್ನೋದಕ್ಕೆ ತಿಂಗಳಿಗೆ ಐದು ಕೋಟಿ ರೂಪಾಯಿ?"

"ಹೂಂ."

"ನಮ್ಮ ಕಡೆ ಅತಿಥಿ ಉಪನ್ಯಾಸಕರು ಪಾಠ ಮಾಡಿ ಮುಗಿಸಿ, ಆಮೇಲೆ ಸಂಬಳಕ್ಕೆ ಧರಣಿ ಕೂರ್ತಾರಲ್ರೀ."

ಇಲ್ಲಿಯೂ ಅಂಥವರು ಬೇಕಾದಷ್ಟು ಇದ್ದಾರೆ ಮಾವ, ಮಗಳಿಗೆ ಕೆಮಿಸ್ಟ್ರಿ ಹೇಳಿಕೊಡುವ ಮೇಡಂ ಮೂರು ಕಾಲೇಜು ಸುತ್ತಿ ಬಾಡಿಗೆ ಹೊಂದಿಸುತ್ತಾರೆ ಅಂದೆ. ಆಕೆಯನ್ನು ತೆಗೆಯುವುದಕ್ಕೆ ಒಂದು ಇಮೇಲ್ ಸಾಕು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಅತಿ ಜಾಸ್ತಿ ಪಡೆಯುವವರು ಗವರ್ನರ್ ಅಲ್ಲ, ಕಾಲೇಜಿನ ಫುಟ್‌ಬಾಲ್ ಕೋಚೋ ಬ್ಯಾಸ್ಕೆಟ್‌ಬಾಲ್ ಕೋಚೋ ಅನ್ನುವುದನ್ನೂ ಸೇರಿಸಿದೆ. ಅವರು ಇನ್ನೊಂದು ಲೋಟ ಕಾಫಿ ಕೇಳಿದರು.

"ಹಾಗಾದರೆ ಭಾರೀ ಲಾಭ ಇರಬೇಕು."

ಮಜಾ ಇರುವುದೇ ಇಲ್ಲಿ. ಇದು ಲಾಭದ ಕಂಪನಿಯಲ್ಲ, ಶೇರುದಾರರಿಲ್ಲ, ಡಿವಿಡೆಂಡ್ ಇಲ್ಲ. ದೊಡ್ಡ ತಂಡಗಳಿಗೆ ಟಿವಿ ದುಡ್ಡು ಹೊಳೆಯ ಹಾಗೆ ಬರುತ್ತದೆ, ಆದರೆ ವರ್ಷದ ಕೊನೆಗೆ ಉಳಿಸಿದರೆ ಯಾರಿಗೂ ಬಹುಮಾನವಿಲ್ಲ. ಹಾಗಾಗಿ ಖರ್ಚು ಮಾಡಿಯೇ ತೀರಬೇಕು. ಕ್ಲೆಮ್‌ಸನ್ ವಿಶ್ವವಿದ್ಯಾಲಯದವರು 2017ರಲ್ಲಿ 5.5 ಕೋಟಿ ಡಾಲರ್ ಖರ್ಚಿನ ಫುಟ್‌ಬಾಲ್ ಕಟ್ಟಡ ತೆರೆದರು. ಅದರಲ್ಲಿ ಬೌಲಿಂಗ್ ಇದೆ, ಮಿನಿ ಗಾಲ್ಫ್ ಇದೆ, ಕ್ಷೌರದ ಅಂಗಡಿ ಇದೆ, ಮಹಡಿಯಿಂದ ಕೆಳಕ್ಕೆ ಜಾರುಬಂಡೆ ಇದೆ. ನೂರು ಕೇಜಿ ದಾಟಿದ ಹುಡುಗರಿಗೆ ಜಾರುಬಂಡೆ! ಪಕ್ಕದ ಕಾಲೇಜಿನವರು ಅದನ್ನು ನೋಡಿ ಸುಮ್ನೆ ಇರುತ್ತಾರಾ?

ದುಡ್ಡು ಬಾರದವರೂ ಅದೇ ಹಾದಿ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಕೊರತೆ ಹಳೇ ಸುದ್ದಿ. ವಿದ್ಯಾರ್ಥಿಗಳ ಫೀ, ವಿಶ್ವವಿದ್ಯಾಲಯದ ಹಣ, ಸಾಲ, ಎಲ್ಲ ಸುರಿದು ತುಂಬಿಸುತ್ತಾರೆ. ಆ ತಂಡದ ಹುಡುಗರು 2021-22ರಲ್ಲಿ ಒಂದು ವರ್ಷ ಚಿಲ್ಲರೆಯಲ್ಲಿ ಡೋರ್‌ಡ್ಯಾಶ್‌ನಲ್ಲಿ, ಅಂದರೆ ಇಲ್ಲಿನ ಸ್ವಿಗ್ಗಿಯಲ್ಲಿ, ತರಿಸಿಕೊಂಡ ಊಟದ ಬಿಲ್ ಎಷ್ಟು ಗೊತ್ತಾ? ನಾಲ್ಕೂವರೆ ಲಕ್ಷ ಡಾಲರ್. ಹಸಿದ ಮಕ್ಕಳು, ತಿನ್ನಲಿ. ಆದರೆ ಅವರ ಪಿಜ್ಜಾಗೆ ಟಿಪ್ ಕೊಟ್ಟವರಲ್ಲಿ ಲೈಬ್ರರಿಯಲ್ಲಿ ಮ್ಯಾಗಿ ತಿನ್ನುವ ಹುಡುಗಿಯೂ ಇರಬಹುದು, ಅಲ್ವಾ? ಮೇಲ್ಮಟ್ಟದಲ್ಲಿ ಫುಟ್‌ಬಾಲ್ ಆಡುವ 130 ಚಿಲ್ಲರೆ ಕಾಲೇಜುಗಳಲ್ಲಿ ತಮ್ಮ ಕ್ರೀಡಾ ಖರ್ಚನ್ನು ತಾವೇ ದುಡಿದುಕೊಳ್ಳುವವು ಕಾಲು ಭಾಗವೂ ಇಲ್ಲ.

ಪ್ರಯೋಜನವೇ ಇಲ್ಲ ಅಂತಲ್ಲ. ದೊಡ್ಡ ಕಾಲೇಜುಗಳಲ್ಲಿ ಈಜು, ಓಟ, ಹುಡುಗಿಯರ ವಾಲಿಬಾಲ್ ಎಲ್ಲ ನಡೆಯುವುದು ಫುಟ್‌ಬಾಲ್ ದುಡ್ಡಿನಿಂದಲೇ. 1984ರಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಕೊನೇ ಕ್ಷಣದಲ್ಲಿ ಒಂದು ಉದ್ದ ಎಸೆತ ಎಸೆದು ಮಯಾಮಿಯನ್ನು ಸೋಲಿಸಿದ, ಆ ಕಾಲೇಜಿಗೆ ಅರ್ಜಿ ಹಾಕುವವರು ಜಾಸ್ತಿಯಾದರು. ಅವತ್ತಿನಿಂದ ಸೋತು ಸುಣ್ಣವಾದ ಪ್ರತಿ ಕಾಲೇಜಿನ ಅಧ್ಯಕ್ಷರೂ ಆ ಎಸೆತವನ್ನೇ ತೋರಿಸಿ ಕ್ರೀಡಾಂಗಣಕ್ಕೆ ಸಾಲ ಎತ್ತುತ್ತಿದ್ದಾರೆ. ಚೆಂಡು ಎಸೆದು ನಲವತ್ತು ವರ್ಷವಾಯಿತು, ಇನ್ನೂ ನೆಲಕ್ಕೆ ಬಿದ್ದಿಲ್ಲ.

"ಆಡೋ ಹುಡುಗರಿಗೆ ಎಷ್ಟು?" ಮಾವನಿಗೆ ಈಗ ನೆನಪಾಯಿತು.

ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು ಅಂತ ಆಗಿದ್ದು 2021ರಲ್ಲಿ. ಕಾಲೇಜೇ ನೇರವಾಗಿ ಪಾಲು ಕೊಡಬಹುದು ಅಂತ ಕೋರ್ಟ್ ಒಪ್ಪಿದ್ದು 2025ರ ಜೂನ್‌ನಲ್ಲಿ. ಮೊದಲ ವರ್ಷ ಒಂದು ಕಾಲೇಜಿಗೆ ಹೆಚ್ಚೆಂದರೆ 2.05 ಕೋಟಿ ಡಾಲರ್, ಅದೂ ಎಲ್ಲ ಆಟದವರಿಗೂ ಸೇರಿ. ಅದಕ್ಕೇ ಎಷ್ಟು ಗೋಳು! ಇನ್ನು ಮುಂದೆ ಹೇಗೆ ಬದುಕುವುದು ಅಂತ ಆಡಳಿತದವರೆಲ್ಲ ಕಣ್ಣೀರು ಹಾಕಿದರು. ಟೆನೆಸಿ ವಿಶ್ವವಿದ್ಯಾಲಯವಂತೂ ತೀರ್ಪಿಗೂ ಕಾಯದೆ, ಟಿಕೆಟ್ ಮೇಲೆ ನೂರಕ್ಕೆ ಹತ್ತು "ಪ್ರತಿಭಾ ಶುಲ್ಕ" ಹಾಕುತ್ತೇವೆ ಅಂತ 2024ರಲ್ಲೇ ಘೋಷಿಸಿತು. ಕೋಚನ್ನು ಮನೆಗೆ ಕಳಿಸುವಾಗ ಬೇಕಾಗದ ಶುಲ್ಕ ಆಡುವ ಹುಡುಗನಿಗೆ ಕೂಲಿ ಕೊಡುವಾಗ ಬೇಕಾಯಿತು.

"ನಷ್ಟ ಆದರೆ ಮುಚ್ಚಬಹುದಲ್ಲ" ಅಂದರು. ಆಡಿಟರ್ ಬುದ್ಧಿ.

ಬರ್ಮಿಂಗ್‌ಹ್ಯಾಮ್ ಊರಿನ ಅಲಬಾಮಾ ವಿಶ್ವವಿದ್ಯಾಲಯ ಪ್ರಯತ್ನಪಟ್ಟಿತು. 2014ರ ಡಿಸೆಂಬರ್‌ನಲ್ಲಿ ಖರ್ಚು ಭರಿಸಲಾಗದು ಅಂತ ತಂಡ ಮುಚ್ಚಿತು. ಊರಿಗೆ ಊರೇ ಎದ್ದು ಕೂತಿತು. ಆರು ತಿಂಗಳಲ್ಲಿ ತೀರ್ಮಾನ ವಾಪಸ್, 2017ಕ್ಕೆ ತಂಡವೂ ವಾಪಸ್. ಗಟ್ಟಿ ಮನಸ್ಸು ಮಾಡಿದ್ದು ಅಂದರೆ ಶಿಕಾಗೋ ವಿಶ್ವವಿದ್ಯಾಲಯ. 1939ರಲ್ಲಿ ಅದರ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಆಟವನ್ನೇ ನಿಲ್ಲಿಸಿದರು. ಖಾಲಿ ಬಿದ್ದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಜಗತ್ತಿನ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿತು. ಬೇರೆ ಕಾಲೇಜುಗಳು ಇದರಿಂದ ಕಲಿತ ಪಾಠ ಒಂದೇ ಇರಬೇಕು: ಫುಟ್‌ಬಾಲ್ ನಿಲ್ಲಿಸಿದರೆ ಅಪಾಯ.

ಈ ನಡುವೆ ಟಿವಿ ದುಡ್ಡಿನ ಹಿಂದೆ ಓಡಿ ಭೂಗೋಳವೂ ಕೆಟ್ಟಿದೆ. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ 2024ರಿಂದ ಅಟ್ಲಾಂಟಿಕ್ ಕರಾವಳಿ ಕೂಟ ಅನ್ನುವ ಲೀಗಿನ ಸದಸ್ಯರು. ಮಂಗಳೂರು ತಂಡವನ್ನು ಬಂಗಾಳಕೊಲ್ಲಿ ಕರಾವಳಿ ಸಂಘಕ್ಕೆ ಸೇರಿಸಿದ ಹಾಗೆ. ಬಿಗ್ ಟೆನ್ ಅನ್ನುವ ಕೂಟದಲ್ಲಿ ಹದಿನೆಂಟು ತಂಡಗಳಿವೆ. ಇದನ್ನು ಕೇಳಿ ಮಾವ ಮಾತ್ರ ಬೆಚ್ಚಲಿಲ್ಲ, ಸದಸ್ಯರ ಸಂಖ್ಯೆ ತಾಳೆಯಾಗದ ಸಂಘಗಳು ಅವರಿಗೆ ಮಾಮೂಲಿ.

"ಇಷ್ಟೆಲ್ಲದರಲ್ಲಿ ನೆಟ್ಟಗೆ ಲೆಕ್ಕ ಇಟ್ಟವರು ಒಬ್ಬರೂ ಇಲ್ವಾ?"

ಇದ್ದಾರೆ ಅಂದೆ. ದೊಡ್ಡ ತಂಡಗಳು ಸೀಸನ್ ಶುರುವಿನಲ್ಲಿ ಸುಲಭದ ಗೆಲುವಿಗೆಂದು ಚಿಕ್ಕ ಕಾಲೇಜುಗಳನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತವೆ, ಬನ್ನಿ, ಸೋತು ಹೋಗಿ ಅಂತ. ನಾರ್ತ್ ಕೆರೊಲಿನಾ ಬೆಟ್ಟದ ಆಪಲಾಚಿಯನ್ ಸ್ಟೇಟ್ 2007ರಲ್ಲಿ ಮಿಷಿಗನ್‌ನಿಂದ ನಾಲ್ಕು ಲಕ್ಷ ಡಾಲರ್ ತೆಗೆದುಕೊಂಡು, ಒಂದು ಲಕ್ಷಕ್ಕೂ ಜಾಸ್ತಿ ಜನ ಕೂತ ಕ್ರೀಡಾಂಗಣದಲ್ಲಿ 34-32ಕ್ಕೆ ಗೆದ್ದು ಹೋಯಿತು. 2022ರಲ್ಲಿ ಇನ್ನೊಂದು ಕಡೆಯಿಂದ 15 ಲಕ್ಷ ಡಾಲರ್ ತೆಗೆದುಕೊಂಡು 17-14ಕ್ಕೆ ಗೆದ್ದಿತು.

"ಯಾರ ಕಡೆಯಿಂದ?"

"ಟೆಕ್ಸಾಸ್ ಎ ಅಂಡ್ ಎಂ. ಅದೇ ಜಿಂಬೊ ಫಿಷರ್ ತಂಡ."

ಮಾವ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಬಿಲ್ಲನ್ನು ನನ್ನ ಕಡೆ ತಳ್ಳಿದರು, ಆ ಎರಡು ಕೆಂಪು ಗೆರೆಯ ಪಕ್ಕದಲ್ಲಿ "ವೋಚರ್ ಕೇಳಿ" ಅಂತ ದುಂಡಗೆ ಬರೆದಿತ್ತು. ಕೇಳಲು ಯಾರಿದ್ದಾರೆ? ಆ ಒಂದು ಫೀ ಬಿಟ್ಟು ಉಳಿದದ್ದು ಕಟ್ಟುತ್ತೇನೆ ಅಂದರೆ ಸೈಟ್ ಒಪ್ಪುವುದಿಲ್ಲ. ಕಾರ್ಡ್ ನಂಬರ್ ಒತ್ತಿದೆ. ಮಗಳಿಗೆ ಫೋನ್ ಮಾಡಿ, ಇವತ್ತು ಶುಕ್ರವಾರ, ಕಾರು ತೆಗೆದೆಯಾ ಅಂತ ಕೇಳಿದೆ.

ಮಾವ ಊರಿಗೆ ಹೊರಡುವ ಮುಂಚೆ ಆಪಲಾಚಿಯನ್ ಸ್ಟೇಟ್ ಟೀ ಶರ್ಟ್ ಒಂದು ಬೇಕಂತೆ, ಬೆಳಗಿನ ವಾಕಿಂಗ್‌ಗೆ. ಎಕ್ಸ್ಎಲ್ ಸೈಜ್.