ಟವೆಲ್ ಹಾಕಿದ ಮೌನ

ಸರಳೆ ವರಸೆ ಹಾಡಿ ಬೆಳೆದವರು ದೊಡ್ಡವರಾದ ಮೇಲೆ ಕೀಬೋರ್ಡ್ ಕಲಿಯಲು ಕೂತರೆ ಸ್ವರಗಳು ಹೇಗೋ ಪಳಗುತ್ತವೆ. ಬಗ್ಗದಿರುವುದು ರೆಸ್ಟುಗಳು, ಅಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇಷ್ಟು ಹೊತ್ತು ಸುಮ್ಮನಿರು ಎನ್ನುವ ಗುರುತುಗಳು.

ಆ ಲಿಪಿಯಲ್ಲಿ ಸ್ವರಗಳಿಗೆ ಅವುಗಳ ಉದ್ದದ ಮೇಲೆ ಹೆಸರು; ಅದು ಬರೀ ಮಗ್ಗಿ. ಸೆಮಿಬ್ರೀವ್‌ಗೆ ನಾಲ್ಕು ಎಣಿಕೆ, ಮಿನಿಮ್‌ಗೆ ಎರಡು, ಕ್ರಾಚೆಟ್‌ಗೆ ಒಂದು, ಕ್ವೇವರ್‌ಗೆ ಅರ್ಧ, ಸೆಮಿಕ್ವೇವರ್‌ಗೆ ಕಾಲು. ಆಮೇಲೆ ಡೆಮಿಸೆಮಿಕ್ವೇವರ್, ಹೆಮಿಡೆಮಿಸೆಮಿಕ್ವೇವರ್; ಹೆಸರು ಬೆಳೆದಷ್ಟೂ ಸ್ವರ ಗಿಡ್ಡ. ಪಕ್ಕದಲ್ಲೊಂದು ಚುಕ್ಕೆ ಇಟ್ಟರೆ ಇದ್ದದ್ದರ ಅರ್ಧ ಸೇರಿ ಮಿನಿಮ್ ಮೂರಾಗುತ್ತದೆ. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಲಘು ಗುರು ಹಾಕಿ ಮೂರು ನಾಲ್ಕು ಮಾತ್ರೆಗೆ ಗೀಟೆಳೆದವರಿಗೆ ಇದೇನು ಮಹಾ!

ನಮ್ಮ ಸಂಗೀತದ ಪುಸ್ತಕಗಳಲ್ಲಿ ಇನ್ನೂ ಸುಲಭ. ‘ಸ’ ಎಂದರೆ ಒಂದು ಅಕ್ಷರಕಾಲ, ಅಂದರೆ ತಾಳದ ಒಂದು ಎಣಿಕೆ; ‘ಸಾ’ ಎಂದರೆ ಎರಡು. ಮತ್ತೂ ಎಳೆಯಬೇಕಾದರೆ ಅಲ್ಪವಿರಾಮಕ್ಕೆ ಒಂದು, ಅರ್ಧವಿರಾಮಕ್ಕೆ ಎರಡು. ‘ಸ ರಿ ಗ ಮ | ಪಾ | ಗ ಮ || ಪಾ ; | ಪಾ | ; ||’ ಎಂಬಲ್ಲಿ ಆ ಅರ್ಧವಿರಾಮ ಕಂಡಿತೆಂದು ಬಾಯಿ ಮುಚ್ಚಿದಿರೋ, ‘ಕಾರ್ವೆ ಎಲ್ಲಿ ಹೋಯ್ತಮ್ಮಾ?’ ಎನ್ನುತ್ತಿದ್ದರು ಮೇಷ್ಟ್ರು. ಕಾರ್ವೆ ಎಂದರೆ ಸ್ವರವನ್ನು ಹಾಗೇ ಎಳೆದು ಹಿಡಿಯುವುದು. ಗುರುತು ವಿರಾಮದ್ದು, ಆದರೆ ಪಂಚಮ ನಿಲ್ಲುವಂತಿಲ್ಲ. ಸಾಲದ್ದಕ್ಕೆ ಹಿಂದೆ ಎಡೆಬಿಡದೆ ಮೊರೆಯುವ ತಂಬೂರಿ ಬೇರೆ.

ಹೀಗೆ ಎಳೆದೇ ಅಭ್ಯಾಸವಾದವರಿಗೆ ರೆಸ್ಟ್ ಹೇಳುತ್ತದೆ: ಬೆರಳು ಎತ್ತು. ಸ್ವರ ಶುರುವಾಗಲು ಹೇಗೆ ಒಂದು ಗಳಿಗೆಯಿದೆಯೋ, ಮುಗಿಯಲೂ ಇದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನ ಹಾಗೆ ಈ ರೆಸ್ಟ್. ಯಾರೂ ಕೂತಿಲ್ಲ, ಆದರೂ ಖಾಲಿ ಇಲ್ಲ, ನೀವು ಕೂರುವಂತೆಯೂ ಇಲ್ಲ. ಪ್ರತಿ ಸ್ವರಕ್ಕೂ ಸರಿಸಮನಾದ ಒಂದು ರೆಸ್ಟ್ ಇದೆ. ಸ್ವರ ಬರೆಯುವ ಐದು ಗೆರೆಗಳಲ್ಲಿ ನಾಲ್ಕೆಣಿಕೆಯದು ಕೆಳಗಿನಿಂದ ನಾಲ್ಕನೆಯ ಗೆರೆಗೆ ನೇತುಬಿದ್ದಿರುತ್ತದೆ, ಎರಡೆಣಿಕೆಯದು ಮೂರನೆಯ ಗೆರೆಯ ಮೇಲೆ ಕೂತಿರುತ್ತದೆ. ನೋಡಲು ಎರಡೂ ಒಂದೇ ಕರಿ ತುಂಡು. ಇಷ್ಟು ಹತ್ತಿರದ ಗುರುತುಗಳನ್ನು ಇಟ್ಟವರು ಹೊಸಬರನ್ನು ಗೋಳು ಹೊಯ್ದುಕೊಳ್ಳಲೆಂದೇ ಇಟ್ಟಿರಬೇಕು. ಇನ್ನೂ ಒಂದು ತಮಾಷೆಯಿದೆ. ಮೂರೇ ಎಣಿಕೆಯ ಬಾರ್, ಅಂದರೆ ಎರಡು ಅಡ್ಡಗೀಟುಗಳ ನಡುವಿನ ಮನೆ, ಪೂರ್ತಿ ಖಾಲಿಯಿದ್ದರೂ ಅಲ್ಲಿ ಹಾಕುವುದು ಆ ನಾಲ್ಕರ ರೆಸ್ಟನ್ನೇ. ಸುಮ್ಮನಿರುವುದರಲ್ಲಿ ಒಂದೆಣಿಕೆ ಆಚೀಚೆಯಾದರೆ ಕೇಳುವವರಿಲ್ಲ ಎನ್ನುವಂತೆ!

ನಮ್ಮಲ್ಲೂ ಖಾಲಿ ಜಾಗವಿದೆ. ಆದಿತಾಳದ ಎಷ್ಟೋ ಕೀರ್ತನೆಗಳನ್ನು ಎತ್ತಿಕೊಳ್ಳುವುದು ತಾಳ ಶುರುವಾಗಿ ಅರ್ಧ ಅಕ್ಷರ, ಒಂದೂವರೆ ಅಕ್ಷರ ಕಳೆದ ಮೇಲೆ. ತೊಡೆಗೆ ಪೆಟ್ಟು ಬಿದ್ದಿರುತ್ತದೆ, ಬಾಯಿ ಇನ್ನೂ ತೆರೆದಿರುವುದಿಲ್ಲ. ಅನಾಗತ ಎಂಬ ಇದನ್ನು ಹಾಡಿ ಬಲ್ಲವರಿಗೆ ಬೀಥೋವನ್‌ನ ಐದನೆಯ ಸಿಂಫನಿ ಎಂಬ ವಾದ್ಯವೃಂದದ ಕೃತಿ ನೆಂಟರ ಮನೆಯಂತೆಯೇ ಅನಿಸೀತು. ‘ಡಡಡ ಡಾ’ ಎಂದು ಲೋಕವೆಲ್ಲ ಗುನುಗುವ ಆ ಆರಂಭದಲ್ಲಿ ಮೊದಲು ಬರುವುದು ಒಂದು ಕ್ವೇವರ್ ರೆಸ್ಟ್. ವಾದ್ಯವೃಂದ ನಡೆಸುವ ಕಂಡಕ್ಟರ್ ಕೈ ಇಳಿಸುವುದು ಆ ಮೌನದ ಮೇಲೆ, ಮೂರು ‘ಡ’ಗಳು ಆಮೇಲೆ.

1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ ಆ ಕೃತಿಯಲ್ಲಿ ಟ್ರಾಂಬೋನ್ ಎಂಬ ಹಿತ್ತಾಳೆ ವಾದ್ಯ ಊದುವವರಿಗೆ ಕೆಲಸ ಸಿಗುವುದು ನಾಲ್ಕನೆಯ ಭಾಗದಲ್ಲಿ ಮಾತ್ರ. ಮೊದಲ ಮೂರೂ ಭಾಗ ಅವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಅವರಿಗೂ ಪೂರ್ತಿ ಸಂಬಳ ಕೊಡುತ್ತಾರೆಂದು ನಂಬಿದ್ದೇನೆ.