ಟೋಪಿ ವ್ಯಾಪಾರಿ ಮನೆಗೇ ಟೋಪಿ

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ, ಈಸ್ಟ್ ಫೋರ್ತ್ ಸ್ಟ್ರೀಟ್ 29ನೇ ನಂಬರಲ್ಲಿ ಒಂದು ಹಳೇ ಸಾಲುಮನೆ ಇದೆ. ಕೆಂಪು ಇಟ್ಟಿಗೆ, ಬಾಗಿಲಿಗೆ ಮಾರ್ಬಲ್ ಚೌಕಟ್ಟು, 1832ರದ್ದು. ಕಟ್ಟಿಸಿದವನು ಜೋಸೆಫ್ ಬ್ರೂಸ್ಟರ್ ಅಂತ ಒಬ್ಬ ಟೋಪಿ ವ್ಯಾಪಾರಿ. ಪಾಪ ಅವನು ಊರವರ ತಲೆಗೆ ನಿಯತ್ತಾಗಿ ಟೋಪಿ ಹಾಕಿ ಮನೆ ಕಟ್ಟಿದ, ಇನ್ನೂರು ವರ್ಷ ತುಂಬೋಕ್ಕೆ ಮೊದಲೇ ಆ ಮನೆಗೇ ಟೋಪಿ ಹಾಕೋಕೆ ನಿಂತಿದ್ದಾರೆ, ಅದೂ ಸಂರಕ್ಷಣೆ ಇಲಾಖೆ ಸೀಲು ಹೊಡೆಸಿಕೊಂಡು.

1835ರಲ್ಲಿ ಸೀಬರಿ ಟ್ರೆಡ್‌ವೆಲ್ ಅನ್ನೋ ವ್ಯಾಪಾರಿ ಇದನ್ನ 18,000 ಡಾಲರಿಗೆ ತಗೊಂಡ. ಎಂಟು ಮಕ್ಕಳು. ಕೊನೇ ಮಗಳು ಗರ್ಟ್ರೂಡ್ 1840ರಲ್ಲಿ ಇದೇ ಮನೇಲಿ ಹುಟ್ಟಿ, ಮದುವೆ ಗಿದುವೆ ಅಂತ ಹೋಗದೆ, 1933ರಲ್ಲಿ ತೊಂಬತ್ತು ದಾಟಿದ ಮೇಲೆ ಇದೇ ಮನೇಲಿ ಕಣ್ಣು ಮುಚ್ಚಿದ್ರು. ಅಕ್ಕಪಕ್ಕದ ಶ್ರೀಮಂತರೆಲ್ಲ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಊರಿನ ಮೇಲ್ಭಾಗಕ್ಕೆ ಹೋದ್ರು, ಬೀದಿ ತುಂಬ ಗೋಡೌನು ವರ್ಕ್‌ಶಾಪು ಎದ್ದವು, ಈ ಅಜ್ಜಿ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಕಡೇಗಾಲಕ್ಕೆ ಕೈಯಲ್ಲಿ ಕಾಸೂ ಇರಲಿಲ್ಲ. ಕಾಸಿಲ್ಲ ಅಂದಮೇಲೆ ರಿನೋವೇಶನ್ ಎಲ್ಲಿಂದ? ಹಂಗಾಗಿ ಕುರ್ಚಿ, ದೀಪ, ಬಟ್ಟೆಬರೆ ಎಲ್ಲಾ ಇದ್ದಲ್ಲೇ ಉಳೀತು. ಆಮೇಲೆ ಸಂಬಂಧಿಕ ಜಾರ್ಜ್ ಚಾಪ್‌ಮನ್ ಮನೆ ಸಾಲಕ್ಕೆ ಹೋಗೋದನ್ನ ತಪ್ಪಿಸಿ 1936ರಲ್ಲಿ ಮ್ಯೂಸಿಯಂ ಮಾಡಿದ್ರು. ಒಂದು ಹಟಮಾರಿ ಅಜ್ಜಿ, ಒಂದು ಖಾಲಿ ಪರ್ಸು, ಇಷ್ಟರಲ್ಲೇ ನೂರು ವರ್ಷದ ಸಂರಕ್ಷಣೆ ಆಗೋಯ್ತು ನೋಡಿ, ಒಂದು ಮೀಟಿಂಗೂ ಇಲ್ಲದೆ.

ಮೀಟಿಂಗ್ ಶುರುವಾಗಿದ್ದು ಆಮೇಲೆ. 1963ರಲ್ಲಿ ಅರಮನೆ ಥರ ಇದ್ದ ಪೆನ್ ಸ್ಟೇಷನ್ ಅನ್ನೋ ರೈಲು ನಿಲ್ದಾಣನ ಒಡೆಯೋಕೆ ಶುರು ಮಾಡಿದ್ರು, ಜನ ಬಾಯಿ ಬಡ್ಕೊಂಡ್ರು, 1965ರಲ್ಲಿ ಹಳೇ ಕಟ್ಟಡ ಉಳಿಸೋಕೆ ಲ್ಯಾಂಡ್‌ಮಾರ್ಕ್ ಕಾನೂನು ಬಂತು, ಅದನ್ನ ನೋಡಿಕೊಳ್ಳೋಕೆ 11 ಜನರ ಕಮಿಷನ್ ಬಂತು. ಈ ಕಾನೂನಿನಡಿ ಮೊಟ್ಟಮೊದಲು ಮರ್ಯಾದೆ ಸಿಕ್ಕ ಕಟ್ಟಡಗಳಲ್ಲಿ ನಮ್ಮ ಅಜ್ಜಿ ಮನೆನೂ ಒಂದು. 1981ರಲ್ಲಿ ಮನೆ ಒಳಗಡೆಗೂ ಲ್ಯಾಂಡ್‌ಮಾರ್ಕ್ ಪಟ್ಟ. ಒಳಗೂ ಹೊರಗೂ ಎರಡೂ ಕಡೆ ಪಟ್ಟ ಸಿಗೋ ಯೋಗ ಎಲ್ಲಾ ಮನೆಗೂ ಇರಲ್ಲ.

ಈ ಪಟ್ಟ ಬಂದ ಮನೇಲಿ ಕಿಟಕಿ ಬದಲಾಯಿಸಬೇಕು ಅಂದ್ರೆ ಅರ್ಜಿ ಹಾಕಬೇಕು, ಮೆಟ್ಟಿಲಿನ ಕಂಬಿ ಬೇರೆ ಥರದ್ದು ಬೇಕು ಅಂದ್ರೆ ಡ್ರಾಯಿಂಗು, ಫೋಟೋ, ಹಿಯರಿಂಗು. ಈ ಕಮಿಷನ್‌ನವರ ಹತ್ರ ಒಂದು ಪತ್ರ ಇದೆ, ಹೆಸರು ಸರ್ಟಿಫಿಕೇಟ್ ಆಫ್ ನೋ ಎಫೆಕ್ಟ್. ಅಂದ್ರೆ ನೀವು ಮಾಡೋ ಕೆಲಸದಿಂದ ಹಳೇದಕ್ಕೆ ಏನೂ ಪರಿಣಾಮ ಆಗಲ್ಲ ಅಂತ ಬರ್ಕೊಡೋದು. ಯಾವ ಪರಿಣಾಮನೂ ಇಲ್ಲದ ಪತ್ರನ ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟು ಕೊಡೋ ಆಫೀಸು ಜಗತ್ತಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಈಗ ಪಕ್ಕದ ಸೈಟಿಗೆ ಬನ್ನಿ. ನಂಬರ್ 27. ಅಲ್ಲಿದ್ದದ್ದು ತಿಂಡಿ ಗಾಡಿ ನಿಲ್ಲಿಸೋ ಒಂದೇ ಅಂತಸ್ತಿನ ಗ್ಯಾರೇಜು. ಅಲ್ಲಿ 8 ಅಂತಸ್ತಿನ ಹೋಟೆಲ್ ಕಟ್ತೀವಿ ಅಂತ ಬಂದ್ರು. ಕಿಟಕಿ ವಿಷಯಕ್ಕೆ ಕನ್ನಡಕ ಏರಿಸಿ ನೋಡೋ ಅದೇ ಕಮಿಷನ್ನು 2014ರಲ್ಲಿ ಆಯ್ತು ಕಟ್ಕೊಳ್ಳಿ ಅಂತು. 2018ರಲ್ಲಿ ಸಿಟಿ ಕೌನ್ಸಿಲ್ ಆಗಲ್ಲ ಅಂತ ತಡೀತು. ಪ್ಲಾನ್ ತಿದ್ದಿಕೊಂಡು ಮತ್ತೆ ಬಂದ್ರು, 2023ರ ಕೊನೇಲಿ ಕಮಿಷನ್ನು ಮತ್ತೆ ಆಯ್ತು ಅಂತು. ಅವರ ಲೆಕ್ಕ ಏನಪ್ಪಾ ಅಂದ್ರೆ, ಹೊಸ ಕಟ್ಟಡದ ಮುಖ ಈ ಹಳೇ ಏರಿಯಾಗೆ ಒಪ್ಪುತ್ತಾ, ಎತ್ತರ ಬಣ್ಣ ಹೊಂದುತ್ತಾ, ಅದನ್ನ ನೋಡೋದು. ಗಂಡು ನೋಡೋಕೆ ಹೋದೋರು ಮೂಗು ಮುಖ ನೋಡಿ ಒಪ್ಕೊಂಡು ಬಂದ ಹಾಗೆ, ಕುಡೀತಾನಾ ಹೊಡೀತಾನಾ ಅಂತ ಕೇಳೋದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ. ಅಂದ ಹಾಗೆ ಈ ಮ್ಯೂಸಿಯಂ ಮನೆ ಸಿಟಿಯದ್ದೇ ಆಸ್ತಿ. ತನ್ನ ಮನೆ ಪಕ್ಕ ಗುಂಡಿ ತೋಡೋಕೆ ತಾನೇ ಪರ್ಮಿಷನ್ ಕೊಟ್ಟು, ತನ್ನ ಮ್ಯೂಸಿಯಂನವರ ಬೈಗುಳನ ತಾನೇ ಕೇಳಿಸಿಕೊಳ್ಳೋ ಸ್ಥಿತಿ.

ಮನೆಯ ನಿಜವಾದ ಆಸ್ತಿ ಇರೋದು ಗಾರೆ ಕೆಲಸದಲ್ಲಿ. ಸೀಲಿಂಗಿನಲ್ಲಿ ಕೈಯಿಂದ ಮಾಡಿದ ಹೂವು ಎಲೆ ಹಾಗೇ ಕೂತಿವೆ. ಪಕ್ಕದಲ್ಲಿ ಬುನಾದಿ ತೋಡೋವಾಗ ನೆಲ ನಡುಗುತ್ತಲ್ಲ, ಅದು ಈ ಹೂವಿಗೆ ಆಗಿಬರಲ್ಲ. ಹಾಗಂತ ನಗರಕ್ಕೆ ಕಾಳಜಿ ಇಲ್ಲ ಅನ್ನೋ ಹಾಗಿಲ್ಲ, ರೂಲ್ಸ್ ಇದೆ: ಹೊಸ ಕಾಮಗಾರಿಯಿಂದ 90 ಅಡಿ ಒಳಗೆ ಪಾರಂಪರಿಕ ಕಟ್ಟಡ ಇದ್ರೆ ಕಂಪನ ಅಳೆಯೋ ಮೀಟರ್ ಇಟ್ಟು ನೋಡ್ತಾ ಇರಬೇಕು. ಇಲ್ಲಿ 90 ಅಡಿ ಎಲ್ಲಿಂದ ಬಂತು ಸ್ವಾಮಿ, ಪಕ್ಕದ ಗೋಡೆಗೆ ಅಂಟಿಕೊಂಡೇ ಸೈಟು. ಸರಿ, ಮೀಟರ್ ಇಡ್ತಾರೆ. ನೆಲ ನಡುಗಿದ್ರೆ ನಡುಗಿತು ಅಂತ ಮೀಟರ್ ಹೇಳುತ್ತೆ, ಅಷ್ಟೊತ್ತಿಗೆ ಸೀಲಿಂಗೂ ಅದನ್ನೇ ಹೇಳಿ ಆಗಿರುತ್ತೆ.

ಆಮೇಲೆ ಉದುರಿದ ಹೂವನ್ನ ಮೊದಲಿನ ಥರನೇ ಮಾಡಿ ಕೂರಿಸಬೇಕಲ್ಲ? ಒಳಗಡೆನೂ ಲ್ಯಾಂಡ್‌ಮಾರ್ಕ್ ಆದ್ದರಿಂದ ಹಾಗೆಲ್ಲ ಏಣಿ ಹಾಕಿ ಹತ್ತೋ ಹಾಗಿಲ್ಲ. ಡ್ರಾಯಿಂಗು, ಫೋಟೋ, ಜೊತೆಗೊಂದು ಅರ್ಜಿ ತಗೊಂಡು ಹೋಗಬೇಕು, ಅದೇ 11 ಜನರ ಹತ್ರ.